ಕಿಳ್ಳೇಕ್ಯಾತನ ಮೂಲ: ಹೆಸರು, ರೂಪ ಮತ್ತು ನುಡಿಯ ನೆಲೆಯಿಂದ ಒಂದು ವಿಚಾರ

ತೊಗಲುಗೊಂಬೆಯಾಟವನ್ನು ಕಂಡ ಹಳೆಯ ತಲೆಮಾರಿನವರನ್ನು ಆ ಆಟದ ವಿಷಯವಾಗಿ ಕೇಳಿದರೆ ಅವರು ಮೊದಲು ನೆನೆಯುವುದು ರಾಮನನ್ನಲ್ಲ, ರಾವಣನನ್ನೂ ಅಲ್ಲ, ಕಿಳ್ಳೇಕ್ಯಾತನನ್ನು. ರಾಮಾಯಣದ ಯಾವ ಕಾಂಡದಲ್ಲಿಯೂ, ಭಾರತದ ಯಾವ ಪರ್ವದಲ್ಲಿಯೂ ಇಲ್ಲದ ಈ ಪಾತ್ರ ಆ ಎರಡೂ ಕಥೆಗಳ ನಡುವೆ ನಿರಾತಂಕವಾಗಿ ನುಗ್ಗಿ ಬರುತ್ತದೆ. ಇಷ್ಟು ಜನಪ್ರಿಯವಾದ ಈ ಗೊಂಬೆ ಎಲ್ಲಿಂದ ಬಂದಿತು, ಯಾರನ್ನು ಹೋಲುತ್ತದೆ, ಅದರ ಹೆಸರಿಗೆ ಅರ್ಥವೇನು ಎಂಬ ಪ್ರಶ್ನೆಗಳನ್ನು ನಮ್ಮ ಜಾನಪದ ಅಧ್ಯಯನಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿ ಮುಂದೆ ಸಾಗಿರುವುದೇ ಹೆಚ್ಚು. ಕನ್ನಡ, ತೆಲುಗು, ತಮಿಳು ಮತ್ತು ಮರಾಠಿ ಈ ನಾಲ್ಕು ನುಡಿಗಳ ಕೂಡುದಾರಿಯಲ್ಲಿ ನಿಂತಿರುವ ಪಾತ್ರವಾದುದರಿಂದ ಅದರ ವಿಚಾರ ಕರ್ನಾಟಕದ ಗಡಿಯೊಳಗೆ ಮುಗಿಯುವಂಥದಲ್ಲ. ಹೊರನಾಡಿನಲ್ಲಿ ಕುಳಿತು ಕನ್ನಡವನ್ನು ಅಭ್ಯಾಸ ಮಾಡುವವರಿಗೆ ಇಂತಹ ವಿಷಯ ವಿಶೇಷವಾಗಿ ಹೊಂದುತ್ತದೆ ಎಂದು ನಾವು ಭಾವಿಸಿದ್ದೇವೆ.

ಮೊದಲು ಪಾತ್ರದ ರೂಪವನ್ನು ನೋಡೋಣ. ಆಟದ ಆರಂಭದಲ್ಲಿ ಗಣಪತಿ, ಸರಸ್ವತಿಯರ ಸ್ತುತಿ ನಡೆಯುತ್ತದೆ. ಆ ಗಾಂಭೀರ್ಯ ಇನ್ನೂ ಆರುವ ಮೊದಲೇ ಪರದೆಯ ಮೇಲೆ ಕಪ್ಪು ಮೈಯ, ದಪ್ಪ ತುಟಿಯ, ಡೊಳ್ಳು ಹೊಟ್ಟೆಯ, ಕೆದರಿದ ಕೂದಲಿನ ಕುಳ್ಳ ವ್ಯಕ್ತಿಯೊಬ್ಬ ಕುಣಿಯುತ್ತ ಬರುತ್ತಾನೆ. ಅವನ ಬೆನ್ನಿಗೇ ಹೆಂಡತಿ ಬಂಗಾರಕ್ಕ. ಇಬ್ಬರೂ ಜಗಳವಾಡುತ್ತಾರೆ, ಹೊಡೆದಾಡುತ್ತಾರೆ, ರಾಜಿಯಾಗುತ್ತಾರೆ. ಊರಿನ ಗೌಡನನ್ನೂ ಶಾನುಭೋಗನನ್ನೂ ಬಿಡದೆ ಹಾಸ್ಯಕ್ಕೆ ಗುರಿಮಾಡುತ್ತಾರೆ. ಕಥೆ ಮೊದಲಾದ ಮೇಲೂ ಅವರು ಮರೆಯಾಗುವುದಿಲ್ಲ. ಯುದ್ಧಕ್ಕೂ ಸಂಧಾನಕ್ಕೂ ನಡುವೆ, ಶೋಕದ ಸನ್ನಿವೇಶ ಮುಗಿದ ಮರುಗಳಿಗೆಯಲ್ಲಿ, ಕೆಲವೊಮ್ಮೆ ದೂತನಾಗಿ, ಕೆಲವೊಮ್ಮೆ ಬರಿಯ ಅಡ್ಡಮಾತಿನವನಾಗಿ ಕಿಳ್ಳೇಕ್ಯಾತ ಹಾಜರಾಗುತ್ತಾನೆ. ಗೊಂಬೆಯ ರಚನೆಯೂ ಇದಕ್ಕೆ ತಕ್ಕಂತೆ ಇದೆ. ದೇವತೆಗಳ ಗೊಂಬೆಗಳು ಬಹುಮಟ್ಟಿಗೆ ಸ್ಥಿರ. ಸಣ್ಣ ಗೊಂಬೆಯ ಸಂಪ್ರದಾಯದಲ್ಲಿ ಒಂದಿಡೀ ಸನ್ನಿವೇಶವನ್ನೇ ಒಂದು ತೊಗಲಿನಲ್ಲಿ ಕೊರೆದಿರುವುದುಂಟು. ಕಿಳ್ಳೇಕ್ಯಾತನಿಗಾದರೋ ಕೀಲುಗಳು ಹೆಚ್ಚು. ದೇವರು ನಿಲ್ಲುತ್ತಾನೆ, ಕಿಳ್ಳೇಕ್ಯಾತ ಅಲುಗುತ್ತಾನೆ. ಗೊಂಬೆ ಮಾಡುವವನ ಕೈಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿದೆ.

ಈ ಗೊಂಬೆಯನ್ನು ಆಡಿಸುವ ಸಮುದಾಯಕ್ಕೂ ಕಿಳ್ಳೇಕ್ಯಾತರೆಂದೇ ಹೆಸರು. ಸಿಳ್ಳೇಕ್ಯಾತ, ಶಿಳ್ಳೇಕ್ಯಾತ ಎಂಬ ರೂಪಗಳೂ ಬಳಕೆಯಲ್ಲಿವೆ. ಉತ್ತರ ಕರ್ನಾಟಕದಲ್ಲಿ ಕಟಬು, ಕಟಬರು ಎಂಬ ಹೆಸರುಂಟು. ಮೈಸೂರು ಸೀಮೆಯಲ್ಲಿ ಸೋರೆ ಬುರುಡೆಯನ್ನು ಕಟ್ಟಿಕೊಂಡು ಹೊಳೆಯಲ್ಲಿ ಮೀನು ಹಿಡಿಯುವ ಕಸುಬಿನಿಂದಾಗಿ ಬುರುಡೆ ಬೆಸ್ತರೆಂದೂ ಕರೆದಿದ್ದಾರೆ. ಎಡ್ಗರ್ ಥರ್ಸ್ಟನ್ ೧೯೦೯ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ವಿವರಣಕೋಶದಲ್ಲಿಯೂ, ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿಯೂ ಇವರ ಪ್ರಸ್ತಾಪವಿದೆ. ಗೊಂಬೆಯ ಹೆಸರೇ ಜನರಿಗೆ ಅಂಟಿತು ಎಂಬುದು ಈ ಬರಹಗಳಿಂದ ಮೊದಲಾಗಿ ಎಲ್ಲರೂ ಒಪ್ಪಿಕೊಂಡು ಬಂದಿರುವ ಅಭಿಪ್ರಾಯ.

ಇದು ವಿಚಿತ್ರವಾದ ಸಂಗತಿ. ನೇಯುವವನಿಗೆ ನೇಯ್ಗೆಯಿಂದ, ಕುಂಬಾರನಿಗೆ ಕುಂಭದಿಂದ ಹೆಸರು ಬಂದಿರುವುದು ಸಹಜ. ರಾಮಾಯಣವನ್ನೂ ಭಾರತವನ್ನೂ ಮನೆಮನೆಗೆ ಮುಟ್ಟಿಸಿದ ಜನರಿಗೆ ರಾಮಾಯಣದಿಂದಾಗಲಿ ಭಾರತದಿಂದಾಗಲಿ ಹೆಸರು ಬರದೆ ಅವರ ಪೆಟ್ಟಿಗೆಯಲ್ಲಿದ್ದ ಅತ್ಯಂತ ಕುರೂಪಿಯಾದ ಗೊಂಬೆಯಿಂದ ಬಂದಿತು. ಮುಂದೆ ಅದೇ ಹೆಸರು ಬಯ್ಗುಳವೂ ಆಯಿತು. ಅಂದಗೆಟ್ಟ, ತರಲೆ ಮಾಡುವ ಮನುಷ್ಯನನ್ನು ಕಿಳ್ಳೇಕ್ಯಾತ ಎಂದು ಕರೆಯುವ ರೂಢಿ ಇಂದಿಗೂ ಇದೆ. ಹೀಗೆ ಕರೆಯುವವನಿಗೆ ತಾನು ಒಂದು ಸಮುದಾಯವನ್ನು ಹೆಸರಿಸುತ್ತಿದ್ದೇನೆ ಎಂಬ ಅರಿವು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಈ ಹೆಸರಿನ ಮೂಲವನ್ನು ಕೇಳುವುದು ಬರಿಯ ನಿಘಂಟಿನ ಕುತೂಹಲವಲ್ಲ.

ಹಳೆಯ ಜನಾಂಗ ವಿವರಣಕಾರರು ಕಿಳ್ಳೆ ಎಂದರೆ ಚೇಷ್ಟೆ, ಕ್ಯಾತ ಎಂದರೆ ವಕ್ರ ಸ್ವಭಾವದವನು ಎಂದು ಬಿಡಿಸಿ, ಚೇಷ್ಟೆಯ ಕುಳ್ಳ ಎಂಬ ಅರ್ಥವನ್ನು ಹೇಳಿದರು. ಕನ್ನಡದಲ್ಲಿ ಕ್ಯಾತೆ ಎಂಬ ಮಾತಿದೆ. ಕ್ಯಾತೆ ತೆಗೆಯುವುದೆಂದರೆ ಕಾರಣವಿಲ್ಲದೆ ಜಗಳಕ್ಕೆ ಬರುವುದು. ಹೆಂಡತಿಯೊಡನೆ ಸದಾ ಕಾದಾಡುವ ಗೊಂಬೆಗೆ ಈ ಅರ್ಥ ಒಪ್ಪುತ್ತದೆ ನಿಜ. ಆದರೆ ಒಪ್ಪುವ ಅರ್ಥವೆಲ್ಲ ಮೂಲದ ಅರ್ಥವಾಗಬೇಕಿಲ್ಲ. ನಮ್ಮ ಗಮನವನ್ನು ಸೆಳೆಯುವುದು ಮತ್ತೊಂದು ಸಾಧ್ಯತೆ. ಕ್ಯಾತ ಎಂಬುದು ಕನ್ನಡನಾಡಿನಲ್ಲಿ ಹಿಂದಿನಿಂದ ಬಂದ ವ್ಯಕ್ತಿನಾಮ. ಶಾಸನಗಳಲ್ಲಿ ಕೇತ, ಕೇತಯ್ಯ, ಕೇತಲದೇವಿ ಮುಂತಾದ ಹೆಸರುಗಳು ಹೇರಳವಾಗಿ ದೊರೆಯುತ್ತವೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದೊಡನೆ ಕೇತಮಲ್ಲನ ಹೆಸರು ಸೇರಿಕೊಂಡಿದೆ. ವಚನಕಾರರಲ್ಲಿ ಮೇದಾರ ಕೇತಯ್ಯನಿದ್ದಾನೆ. ಜನರ ಬಾಯಲ್ಲಿ ಇದೇ ಕೇತ ಕ್ಯಾತನಾಗುತ್ತಾನೆ. ತುಮಕೂರಿನ ಕ್ಯಾತಸಂದ್ರ, ಮೈಸೂರಿನ ಕ್ಯಾತಮಾರನಹಳ್ಳಿ, ಪಾಂಡವಪುರದ ಸೀಮೆಯ ಕ್ಯಾತನಹಳ್ಳಿ ಇವೆಲ್ಲ ಆ ಹೆಸರಿನ ಕುರುಹುಗಳು.

ಧ್ವನಿಯ ದೃಷ್ಟಿಯಿಂದ ಈ ಬದಲಾವಣೆಯಲ್ಲಿ ಅಸಹಜವಾದುದು ಯಾವುದೂ ಇಲ್ಲ. ಮೇಲೆ ಎಂಬುದು ಮ್ಯಾಲೆ, ಪೇಟೆ ಎಂಬುದು ಪ್ಯಾಟೆ, ಬೇಡ ಎಂಬುದು ಬ್ಯಾಡ ಆಗುವುದನ್ನು ಎಲ್ಲರೂ ಕೇಳಿದ್ದೇವೆ. ಮುಂದಿನ ಅಕ್ಷರದಲ್ಲಿ ಅಕಾರವೋ ಎಕಾರವೋ ಇದ್ದಾಗ ಹಿಂದಿನ ಏಕಾರ ಹೀಗೆ ತೆರೆದುಕೊಳ್ಳುತ್ತದೆ. ಇಕಾರ ಉಕಾರಗಳಿದ್ದರೆ ಹಾಗಾಗುವುದಿಲ್ಲ. ಕೇಳು ಎಂಬುದನ್ನು ಯಾರೂ ಕ್ಯಾಳು ಎನ್ನುವುದಿಲ್ಲ. ಈ ಸಣ್ಣ ನಿಯಮವನ್ನು ನೆನಪಿನಲ್ಲಿಟ್ಟುಕೊಂಡು ನೆರೆಯ ತೆಲುಗು ನಾಡಿನ ತೋಲುಬೊಮ್ಮಲಾಟವನ್ನು ನೋಡಿದರೆ ಅಲ್ಲಿಯ ವಿದೂಷಕ ಗೊಂಬೆಗಳಲ್ಲಿ ಒಬ್ಬನ ಹೆಸರು ಕೇತಿಗಾಡು. ಗಾಡು ಎಂಬುದು ತೆಲುಗಿನಲ್ಲಿ ಸಲುಗೆಯಿಂದಲೋ ತುಚ್ಛವಾಗಿಯೋ ಕರೆಯುವಾಗ ಸೇರುವ ಪ್ರತ್ಯಯ. ಉಳಿದದ್ದು ಕೇತಿ. ಕನ್ನಡದ ಕ್ಯಾತನೂ ತೆಲುಗಿನ ಕೇತಿಯೂ ಒಂದೇ ಹೆಸರಿನ ಎರಡು ರೂಪಗಳೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಹಾಗಿದ್ದರೆ ಕ್ಯಾತ ಎಂಬುದನ್ನು ಜಗಳಗಂಟ ಎಂಬ ಸಾಮಾನ್ಯ ನಾಮವಾಗಿ ಅರ್ಥೈಸುವುದಕ್ಕಿಂತ, ಹಳ್ಳಿಯ ಒಬ್ಬ ಕೇತನ ಹೆಸರಾಗಿ, ಎಂದರೆ ಬೀರ, ಮಾರ, ಕಾಳ ಎಂಬಂತೆ ಯಾರಿಗಾದರೂ ಇರಬಹುದಾದ ಹೆಸರಾಗಿ ಅರ್ಥೈಸುವುದು ಹೆಚ್ಚು ಯುಕ್ತ. ಕಿಳ್ಳೆ ಎಂಬುದು ಅದರ ಮೇಲೆ ಸೇರಿದ ಅಡ್ಡಹೆಸರು. ಶಿಳ್ಳೆ ಎಂಬ ರೂಪ, ಕಿಳ್ಳೆಯ ಅರ್ಥ ಮಸುಕಾದ ಮೇಲೆ ತಿಳಿದ ಮಾತಿಗೆ ಹೊಂದಿಸಿಕೊಂಡದ್ದಿರಬೇಕು.

ಬಂಗಾರಕ್ಕನ ಹೆಸರು ಈ ಊಹೆಗೆ ಮತ್ತಷ್ಟು ಬಲ ಕೊಡುತ್ತದೆ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅವಳು ಬಂಗಾರಕ್ಕನೇ. ಎರಡೂ ಭಾಷೆಗಳಲ್ಲಿ ಅರ್ಥ ಒಂದೇ, ವ್ಯಂಗ್ಯವೂ ಒಂದೇ: ಅಂದಚಂದವಿಲ್ಲದ ಹೆಣ್ಣಿಗೆ ಚಿನ್ನದ ಹೆಸರು. ತೆಲುಗಿನಲ್ಲಿ ಅವಳ ಜೊತೆಗಾರ ಜುಟ್ಟುಪೋಲಿಗಾಡು. ಜುಟ್ಟು ಎಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ತೆಲುಗಿನಲ್ಲಿ ಪೋಲಯ್ಯ, ಪೋಲಿ ಎಂಬ ವ್ಯಕ್ತಿನಾಮಗಳುಂಟು. ಕನ್ನಡಿಗನ ಕಿವಿಗೆ ಮಾತ್ರ ಪೋಲಿ ಎಂದೊಡನೆ ಬೇರೆಯದೇ ಅರ್ಥ ಹೊಳೆಯುತ್ತದೆ. ಇನ್ನು ತಮಿಳುನಾಡಿನ ತೋಲ್ಪಾವೈಕೂತ್ತಿಗೆ ಹೋದರೆ ಅಲ್ಲಿ ಕ್ಯಾತನೂ ಇಲ್ಲ, ಕೇತಿಯೂ ಇಲ್ಲ. ಅಲ್ಲಿ ಉಚ್ಚಿಕ್ಕುಡುಂಬನ್ ಮತ್ತು ಉಳುವತ್ತಲೈಯನ್ ಎಂಬ ಇಬ್ಬರಿದ್ದಾರೆ. ಮೊದಲನೆಯವನು ನಡುನೆತ್ತಿಯಲ್ಲಿ ಕುಡುಮಿ ಇರುವವನು. ಎರಡನೆಯವನ ಹೆಸರಿನಲ್ಲಿಯೂ ತಲೆ ಇದೆ. ಹೆಸರಿನ ಮಾತುಗಳು ತಮಿಳು, ಆದರೆ ಹೆಸರಿಡುವ ಕ್ರಮ ಜುಟ್ಟುಪೋಲಿಗಾಡಿನದೇ.

ಈ ಮೂರು ನಾಡುಗಳ ಸಾಮಗ್ರಿಯನ್ನು ಒಟ್ಟಿಗೆ ಇಟ್ಟಾಗ ಒಂದು ಚಿತ್ರ ಮೂಡುತ್ತದೆ. ಕೇತ-ಬಂಗಾರಕ್ಕ ಎಂಬ ಹೆಸರುಗಳು ಕನ್ನಡ ಮತ್ತು ತೆಲುಗು ನಾಡುಗಳಿಗೆ ಸಮಾನ. ಜುಟ್ಟಿನ ಹೆಸರು ತೆಲುಗು ಮತ್ತು ತಮಿಳು ನಾಡುಗಳಿಗೆ ಸಮಾನ. ಎರಡಕ್ಕೂ ಕೊಂಡಿಯಾಗಿರುವುದು ತೆಲುಗು ನಾಡು. ಅದರಲ್ಲಿಯೂ ಕನ್ನಡಕ್ಕೆ ಅಂಟಿಕೊಂಡಿರುವ ಬಳ್ಳಾರಿ-ಅನಂತಪುರದ ಸೀಮೆ ಎಂದು ಊಹಿಸಲು ಅವಕಾಶವಿದೆ. ದೊಡ್ಡ ಗೊಂಬೆಯ ಸಂಪ್ರದಾಯ ಕರ್ನಾಟಕದಲ್ಲಿ ಆ ಸೀಮೆಯ ಕಡೆಗೇ ಹೆಚ್ಚು ಬಲವಾಗಿದೆ ಎಂಬುದನ್ನೂ, ಅನಂತಪುರದ ಕಡೆಯ ನಿಮ್ಮಲಕುಂಟ ಇಂದಿಗೂ ತೊಗಲುಗೊಂಬೆಯ ದೊಡ್ಡ ಕೇಂದ್ರವಾಗಿದೆ ಎಂಬುದನ್ನೂ ಇಲ್ಲಿ ಸ್ಮರಿಸಬಹುದು. ಕೇರಳದ ಪಾಲಕ್ಕಾಡಿನ ತೋಲ್ಪಾವಕ್ಕೂತ್ತು ಈ ಸರಣಿಗೆ ಸೇರುವುದಿಲ್ಲ. ಅಲ್ಲಿಯದು ಭಗವತಿ ದೇವಾಲಯದ ಕೂತ್ತುಮಾಡದಲ್ಲಿ ಕಂಬರಾಮಾಯಣವನ್ನು ಆಧರಿಸಿ ನಡೆಯುವ ಆಚರಣೆ; ಬಣ್ಣದ ನೆರಳಿಲ್ಲದ ಕಪ್ಪು ಗೊಂಬೆಗಳು; ಆಡಿಸುವವರೂ ಬೇರೆ.

ಈಗ ಒಂದು ತೊಡಕು ಎದುರಾಗುತ್ತದೆ. ಕರ್ನಾಟಕ, ಆಂಧ್ರ, ತಮಿಳುನಾಡು ಮೂರರಲ್ಲಿಯೂ ಈ ಗೊಂಬೆಯಾಡಿಸುವವರ ಮನೆಮಾತು ಮರಾಠಿಯ ಒಂದು ಉಪಭಾಷೆ. ಆಂಧ್ರದಲ್ಲಿ ಅವರನ್ನು ಆರೆ ಕಾಪು ಎನ್ನುತ್ತಾರೆ. ಆರೆ ಎಂದರೆ ಮರಾಠಿಗ ಎಂಬ ಅರ್ಥ ಕನ್ನಡಕ್ಕೂ ಪರಿಚಿತ. ತಮಿಳುನಾಡಿನಲ್ಲಿ ಅವರು ಮಂಡಿಕರ್. ಅಲ್ಲಿಯ ಪರಂಪರೆ ತಂಜಾವೂರಿನ ಮರಾಠಾ ಆಳ್ವಿಕೆಯೊಡನೆ ತಮ್ಮ ವಲಸೆಯನ್ನು ಜೋಡಿಸುತ್ತದೆ. ಏಕೋಜಿಯು ೧೬೭೦ರ ದಶಕದಲ್ಲಿ ತಂಜಾವೂರನ್ನು ವಶಪಡಿಸಿಕೊಂಡನು. ಆ ವಂಶದ ಆಳ್ವಿಕೆ ೧೮೫೫ರವರೆಗೆ ನಡೆಯಿತು. ಏಕೋಜಿ ತಂಜಾವೂರಿಗೆ ಹೋದದ್ದು ನೇರವಾಗಿ ಮಹಾರಾಷ್ಟ್ರದಿಂದಲ್ಲ. ಅವನ ತಂದೆ ಶಹಾಜಿಗೆ ೧೬೩೮ರ ನಂತರ ಬೆಂಗಳೂರು ಜಹಗೀರಾಗಿ ದೊರೆತಿತ್ತು. ಎಂದರೆ ಮರಾಠಿಯ ಜನ ತಮಿಳುನಾಡನ್ನು ತಲಪುವ ಮೊದಲು ಕನ್ನಡನಾಡಿನಲ್ಲಿ ಒಂದು ತಲೆಮಾರಿಗೂ ಮಿಕ್ಕಿ ನೆಲಸಿದ್ದ ದಾರಿಯೊಂದು ಇತಿಹಾಸದಲ್ಲಿದೆ. ಗೊಂಬೆಯವರೆಲ್ಲ ಇದೇ ದಾರಿಯಲ್ಲಿ ಬಂದರೆಂದು ಇದರಿಂದ ಸಿದ್ಧವಾಗುವುದಿಲ್ಲ. ದಾರಿಯಿತ್ತು ಎಂಬುದಷ್ಟೇ ಸಿದ್ಧವಾಗುತ್ತದೆ.

ಮನೆಮಾತು ಮರಾಠಿಯಾದುದರಿಂದ ಕಲೆಯೂ ಮರಾಠಿಯಿಂದ ಬಂದಿತೆಂದು ಹೇಳುವುದು ಅವಸರದ ತೀರ್ಮಾನವಾದೀತು. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ತನ್ನ ತೆಲುಗು ಪಂಡಿತಾರಾಧ್ಯ ಚರಿತ್ರದಲ್ಲಿ ಶ್ರೀಶೈಲದ ಶಿವರಾತ್ರಿಯ ಜನಜಾತ್ರೆಯನ್ನು ವರ್ಣಿಸುವಾಗ ಗೊಂಬೆಯಾಟವನ್ನೂ ಹೆಸರಿಸುತ್ತಾನೆ. ಶ್ರೀಶೈಲ ಕನ್ನಡಿಗರಿಗೂ ಅಷ್ಟೇ ಹತ್ತಿರದ ಯಾತ್ರಾಸ್ಥಳ. ಇನ್ನೂ ಹಿಂದೆ, ೧೧೨೯-೩೦ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಚಿತ್ರಗಳನ್ನು ತೋರಿಸಿ ಕಥೆ ಹೇಳುವ ಚಿತ್ರಕಥಕನ ಉಲ್ಲೇಖವಿದೆ. ಆ ವೃತ್ತಿಯ ಹೆಸರು ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯ ಠಾಕರ ಸಮುದಾಯದ ಚಿತ್ರಕಥಿಯಲ್ಲಿ ಇಂದಿಗೂ ಉಳಿದಿದೆ. ಆ ಠಾಕರರು ಚಿತ್ರದ ಜೊತೆಗೆ ತೊಗಲುಗೊಂಬೆಯನ್ನೂ ಸೂತ್ರದ ಗೊಂಬೆಯನ್ನೂ ಆಡಿಸುತ್ತಾರೆ. ಪುಣೆ, ಮುಂಬಯಿಗಳಲ್ಲಿರುವ ನಮ್ಮ ಓದುಗರಿಗೆ ಪಿಂಗುಳಿ ದೂರವಲ್ಲ. ಈ ಎಲ್ಲ ಆಧಾರಗಳಿಂದ ತೋರುವುದೇನೆಂದರೆ, ಮರಾಠಾ ಸೈನ್ಯಗಳು ದಕ್ಷಿಣಕ್ಕೆ ಬರುವ ಮೊದಲೇ ದಖ್ಖನಿನಲ್ಲಿ ಗೊಂಬೆ ಇತ್ತು, ಚಿತ್ರಕಥನವೂ ಇತ್ತು. ಮರಾಠಿಯಾಡುವ ಅಲೆಮಾರಿಗಳು ಅದನ್ನು ತಮ್ಮ ವೃತ್ತಿಯನ್ನಾಗಿ ಮಾಡಿಕೊಂಡು ಕನ್ನಡ ನಾಡಿನಲ್ಲಿ ಕನ್ನಡದ ಹಾಡುಗಳಿಗೂ, ತೆಲುಗು ನಾಡಿನಲ್ಲಿ ರಂಗನಾಥ ರಾಮಾಯಣಕ್ಕೂ ಹೊಂದಿಸಿಕೊಂಡರು. ವಿದೂಷಕನಿಗೆ ಮಾತ್ರ ಮರಾಠಿ ಹೆಸರನ್ನು ಇಡಲಿಲ್ಲ, ಸ್ಥಳೀಯ ಕೇತನನ್ನೇ ಉಳಿಸಿಕೊಂಡರು. ಪ್ರೇಕ್ಷಕರನ್ನು ನಗಿಸಬೇಕಾದರೆ ನಗೆಗೆ ಗುರಿಯಾಗುವವನು ಪ್ರೇಕ್ಷಕರ ನಡುವಿನವನೇ ಆಗಿರಬೇಕು ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ಸಂಸ್ಕೃತ ನಾಟಕದ ವಿದೂಷಕನಿಂದ ಕಿಳ್ಳೇಕ್ಯಾತನನ್ನು ಇಳಿಸಿ ತರುವ ವಾದವೂ ಇದೆ. ಅದರ ಹಿಂದೆ ದೊಡ್ಡ ಹೆಸರುಗಳಿವೆ. ಜರ್ಮನ್ ಪ್ರಾಕೃತ ವಿದ್ವಾಂಸ ರಿಚರ್ಡ್ ಪಿಶೆಲ್ ೧೯೦೦ರಲ್ಲಿ ಗೊಂಬೆಯಾಟದ ತವರನ್ನು ಕುರಿತು ಬರೆದು, ಆ ತವರು ಭಾರತವೆಂದೂ, ಯುರೋಪಿನ ಗೊಂಬೆಯಾಟಗಳ ಹಾಸ್ಯಗಾರರಿಗೆಲ್ಲ ನಮ್ಮ ವಿದೂಷಕನೇ ಮೂಲಪುರುಷನೆಂದೂ ವಾದಿಸಿದನು. ಸೂತ್ರಧಾರ ಎಂಬ ಮಾತಿನಲ್ಲಿಯೇ ಗೊಂಬೆಯ ದಾರವಿದೆ ಎಂಬ ಶಂಕರ ಪಾಂಡುರಂಗ ಪಂಡಿತರ ಸೂಚನೆಯನ್ನು ಅವನು ಬಳಸಿಕೊಂಡನು. ಪಿಶೆಲ್ ೧೯೦೮ರಲ್ಲಿ ಕಲ್ಕತ್ತೆಗೆ ಉಪನ್ಯಾಸಕ್ಕೆ ಹೊರಟವನು ಮದರಾಸಿನಲ್ಲಿಯೇ ತೀರಿಕೊಂಡನು. ಜೀವಮಾನವೆಲ್ಲ ಗ್ರಂಥಗಳಲ್ಲಿ ಹುಡುಕಿದ ನೆರಳಿನಾಟ ಆ ನಗರದಿಂದ ಕೆಲವೇ ಹರದಾರಿಗಳ ಹಳ್ಳಿಗಳಲ್ಲಿ ಆಗ ಜೀವಂತವಾಗಿತ್ತು.

ನಾಟ್ಯಶಾಸ್ತ್ರದ ವಿದೂಷಕ ಕುಳ್ಳ, ಗೂನ, ಉಬ್ಬುಹಲ್ಲಿನವ, ಬೋಳುತಲೆಯವ. ಕುರೂಪದಲ್ಲಿ ಕಿಳ್ಳೇಕ್ಯಾತನಿಗೂ ಅವನಿಗೂ ಹೋಲಿಕೆಯುಂಟು. ಆದರೆ ವಿದೂಷಕ ಬ್ರಾಹ್ಮಣ, ರಾಜನ ಗೆಳೆಯ, ಮೋದಕಪ್ರಿಯ. ಅವನ ಚಿಂತೆ ಅರಮನೆಯ ಅಂತಃಪುರವನ್ನು ದಾಟಿ ಹೋಗುವುದಿಲ್ಲ. ಕಿಳ್ಳೇಕ್ಯಾತನಿಗೆ ರಾಜಾಶ್ರಯವೂ ಇಲ್ಲ, ಜನಿವಾರವೂ ಇಲ್ಲ. ಅವನಿಗಿರುವುದು ಹೆಂಡತಿ, ಹಸಿವು ಮತ್ತು ನಾಲಗೆ. ರೂಪದ ಹೋಲಿಕೆಗಿಂತ ನುಡಿಯ ಹೋಲಿಕೆ ಹೆಚ್ಚು ವಿಚಾರಯೋಗ್ಯವೆಂದು ನಮಗೆ ತೋರುತ್ತದೆ. ನಾಯಕ ಸಂಸ್ಕೃತವನ್ನಾಡುವಾಗ ವಿದೂಷಕ ಪ್ರಾಕೃತವನ್ನಾಡುತ್ತಾನೆ. ಗೊಂಬೆಯ ರಾಮ ಹಳೆಯ ಹಾಡಿನ ಪ್ರೌಢ ಭಾಷೆಯನ್ನಾಡುವಾಗ ಕಿಳ್ಳೇಕ್ಯಾತ ಸಂತೆಯ ಕನ್ನಡವನ್ನಾಡುತ್ತಾನೆ. ಒಂದೇ ಪರದೆಯ ಮೇಲೆ ಎರಡು ಮಟ್ಟದ ನುಡಿಯನ್ನು ಎದುರುಬದುರಾಗಿ ನಿಲ್ಲಿಸುವ ಈ ಕಟ್ಟಳೆ ಭಾರತೀಯ ರಂಗಭೂಮಿಯ ಹಳೆಯ ಆಸ್ತಿ. ಯಕ್ಷಗಾನದ ಕೋಡಂಗಿ, ದೊಡ್ಡಾಟದ ಸಾರಥಿ ಇವರೂ ಅದರಲ್ಲಿ ಪಾಲುದಾರರು. ವಿದೂಷಕನನ್ನು ಕಿಳ್ಳೇಕ್ಯಾತನ ತಂದೆಯೆನ್ನುವುದಕ್ಕಿಂತ ಒಂದೇ ಕಟ್ಟಳೆಯಲ್ಲಿ ಹುಟ್ಟಿದ ದಾಯಾದಿಯೆನ್ನುವುದು ಲೇಸು.

ಮತ್ತೊಂದು ಎಳೆಯನ್ನು ಬಿಡುವಂತಿಲ್ಲ. ಹಳೆಯ ಆಟಗಳಲ್ಲಿ ಕಿಳ್ಳೇಕ್ಯಾತ-ಬಂಗಾರಕ್ಕರ ಹಾಸ್ಯ ಬಹಳಮಟ್ಟಿಗೆ ಅಶ್ಲೀಲ. ಗೊಂಬೆಯ ಅಂಗರಚನೆಯಲ್ಲಿಯೂ ಅದಕ್ಕೆ ಸಂಕೋಚವಿರಲಿಲ್ಲ. ನಾಗರಿಕ ಬರಹಗಾರರು ಇದನ್ನು ಗ್ರಾಮ್ಯಾಭಿರುಚಿಯೆಂದು ತಳ್ಳಿಹಾಕಿದ್ದುಂಟು. ಆದರೆ ಈ ಆಟವನ್ನು ಹಳ್ಳಿಗಳು ಆಡಿಸುತ್ತಿದ್ದ ಸಂದರ್ಭವನ್ನು ನೋಡಬೇಕು. ಮಳೆ ಹೋದಾಗ, ದನಕರುಗಳಿಗೆ ಜಾಡ್ಯ ಬಂದಾಗ ಗೊಂಬೆಯವರನ್ನು ಕರೆಸಿ ಆಟ ಕಟ್ಟಿಸುವುದು ವಾಡಿಕೆ. ವಿರಾಟಪರ್ವಕ್ಕೂ ಮಳೆಗೂ ಇರುವ ನಂಟು ಕನ್ನಡ ನಾಡಿನಲ್ಲಿ ಎಲ್ಲರೂ ಬಲ್ಲದ್ದು. ಮಳೆಯನ್ನೂ ಬೆಳೆಯನ್ನೂ ಬೇಡುವ ಆಚರಣೆಯಲ್ಲಿ ಗಂಡು-ಹೆಣ್ಣಿನ ಬಹಿರಂಗ ಚೇಷ್ಟೆಗೆ ಸ್ಥಾನವಿರುವುದು ಜಗತ್ತಿನ ಅನೇಕ ಕೃಷಿಸಮಾಜಗಳಲ್ಲಿ ಕಂಡುಬರುವ ಸಂಗತಿ. ಗಣಪತಿಯ ಸ್ತುತಿಯಾದ ಕೂಡಲೇ ಈ ಕಪ್ಪು ದಂಪತಿಗಳಿಗೆ ಪ್ರವೇಶವಿರುವುದು ಕಾಲಹರಣಕ್ಕಾಗಿ ಅಲ್ಲ, ಆಚರಣೆಯ ಅಂಗವಾಗಿ ಎಂದು ನಾವು ತಿಳಿಯುತ್ತೇವೆ. ಅಮೆರಿಕೆಯ ವಿದ್ವಾಂಸ ಜೊನಾಥನ್ ಗೋಲ್ಡ್‌ಬರ್ಗ್‌ಬೆಲ್ ಆಂಧ್ರದ ಆಟಗಳನ್ನು ಕ್ಷೇತ್ರಕಾರ್ಯದಿಂದ ಅಭ್ಯಾಸ ಮಾಡಿ ೧೯೮೬ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿಯೇ, ಆಟದ ಹಿಡಿತ ವಿದೂಷಕರ ಕೈಯಲ್ಲಿದೆ ಎಂದು ಸೂಚಿಸಿದ್ದಾರೆ. ಆ ಮಾತು ನಮ್ಮ ಕಿಳ್ಳೇಕ್ಯಾತನಿಗೂ ಸಲ್ಲುತ್ತದೆ.

ಈ ಹಿಡಿತವೇ ಇಂದು ಸಡಿಲವಾಗಿದೆ. ರಾತ್ರಿಯಿಡೀ ನಡೆಯುತ್ತಿದ್ದ ಆಟ ಸಭಾಂಗಣದ ಒಂದು ಗಂಟೆಗೆ, ಉತ್ಸವದ ಅರ್ಧಗಂಟೆಗೆ ಇಳಿದಾಗ ಮೊದಲು ಕತ್ತರಿ ಬೀಳುವುದು ಕಿಳ್ಳೇಕ್ಯಾತನಿಗೆ. ಕಥೆಯನ್ನು ಕತ್ತರಿಸಿದರೆ ಕೇಳುವವರಿಗೆ ತಿಳಿಯುತ್ತದೆ, ಅವನ ಮಾತನ್ನು ಕತ್ತರಿಸಿದರೆ ಯಾರಿಗೂ ತಿಳಿಯುವುದಿಲ್ಲ. ಗೊಂಬೆಗಳ ಸಂಗ್ರಹದಲ್ಲಿ ಎಂ.ಎಸ್. ನಂಜುಂಡರಾಯರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಮೂಲಕ ಮಾಡಿದ ಕೆಲಸ ದೊಡ್ಡದು. ಜೀರ್ಣವಾದ ಗೊಂಬೆಯನ್ನು ಹೊಳೆಗೆ ಬಿಡುವುದು ಗೊಂಬೆಯವರ ಸಂಪ್ರದಾಯವಾದುದರಿಂದ, ಆ ಸಂಗ್ರಹವಿಲ್ಲದಿದ್ದರೆ ಹಳೆಯ ಮಾದರಿಗಳು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು, ೨೦೨೩ರಲ್ಲಿ ನಿಧನರಾಗುವವರೆಗೆ, ಸ್ವಾತಂತ್ರ್ಯ ಹೋರಾಟದ ಮತ್ತು ಗಾಂಧೀಜಿಯ ಕಥೆಗಳನ್ನೂ ತೊಗಲಿಗೆ ತಂದು ಹೊಸ ಪ್ರೇಕ್ಷಕರನ್ನು ಗಳಿಸಿದರು. ತೊಗಲು ಹೀಗೆ ಒಂದಿಷ್ಟು ಉಳಿಯಿತು. ಹಾಡುಗಳೂ ಬಾಯಿಂದ ಬಾಯಿಗೆ, ಕೆಲವೆಡೆ ಕೈಬರಹದಲ್ಲಿ ಉಳಿದಿವೆ. ಕಿಳ್ಳೇಕ್ಯಾತನ ಮಾತು ಮಾತ್ರ ಆಯಾ ಊರಿನಲ್ಲಿ, ಆಯಾ ರಾತ್ರಿಯಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುವಂಥದು. ಅದನ್ನು ಹಾಡಿನಷ್ಟು ಶ್ರದ್ಧೆಯಿಂದ ಬರೆದಿಟ್ಟವರು ವಿರಳ. ಆಡುಗನ್ನಡದ ಚರಿತ್ರೆಯನ್ನು ಬರೆಯುವವರಿಗೆ ಇದರಿಂದ ಆದ ನಷ್ಟ ಸಾಮಾನ್ಯವಾದುದಲ್ಲ.

ಮರಾಠಿಯನ್ನು ಮನೆಯಲ್ಲಿ ಆಡುತ್ತ ಕನ್ನಡದಲ್ಲಿ ನಗಿಸುವ ಕಲಾವಿದರು ಕೊಪ್ಪಳ, ಬಳ್ಳಾರಿ, ಹಾಸನ, ಮಂಡ್ಯ ಮೊದಲಾದ ಕಡೆಗಳಲ್ಲಿ ಇನ್ನೂ ಇದ್ದಾರೆ. ಧ್ವನಿಮುದ್ರಣ ಮಾಡುವವರು ಇನ್ನಾದರೂ ರಾಮನ ಹಾಡು ಮುಗಿದ ಕೂಡಲೇ ಯಂತ್ರವನ್ನು ನಿಲ್ಲಿಸದಿರಲಿ. ೨೦೨೫ರ ಪದ್ಮಶ್ರೀ ಪುರಸ್ಕೃತರ ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆಯೊಬ್ಬರ ಹೆಸರಿತ್ತು. ಆಗ ಅವರ ವಯಸ್ಸು ತೊಂಬತ್ತನ್ನು ದಾಟಿತ್ತು. ಪಟ್ಟಿಯಲ್ಲಿ ಅಚ್ಚಾದ ಪೂರ್ಣ ಹೆಸರು: ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ.